ಕಪ್ಪೆ ಮಾವನ ಅಸಲು ಹೆಸರು

ಗಂಡ ಗಟ್ಟಿಮುಟ್ಟಾಗಿ ಬದುಕಿರುವಾಗಲೇ ನನಗೆ ಸಾಂತ್ವನ ಹೇಳಿದ ಪುಣ್ಯಾತ್ಮ ಲಾಂಬ್ರೊಸ್. ಶುಕ್ರವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆರೆದು ನೋಡಿದರೆ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಸಿಹಿತಿಂಡಿಯ ಡಬ್ಬಿ ಹಿಡಿದ ಸಪೂರ ಯುವಕ. ಮುಖ ಮಾತ್ರ ಸಾವಿನ ಮನೆಗೆ ಬಂದವರದು.

"ಅಮ್ಮಾ, ನಿಮಗೆ ಆಯುಸ್ಸಿರಲಿ," ಅಂದ. ನಮ್ಮಲ್ಲಿ ಅದು ಸಾವಾದ ಮನೆಯಲ್ಲಿ ಆಡುವ ಮಾತು. "ನಿಮ್ಮ ಸೊಸೆ ಮಿರ್ತೊ ಫೋನಲ್ಲಿ ಏನೂ ಹೇಳ್ಲೇ ಇಲ್ಲ. ಗೊತ್ತಿದ್ರೆ ಈ ಡಬ್ಬಿ ತರ್ತಾ ಇರ್ಲಿಲ್ಲ."

"ಯಾರಪ್ಪ ಹೋಗಿದ್ದು?"

"ನಿಮ್ಮ ಯಜಮಾನ್ರು. ಎಪಮಿನೋಂದಸ್ ಮಾವ."

ಹಿತ್ತಲಲ್ಲಿ ಎಪಮಿನೋಂದಸ್ ಮಾವ ಆಕ್ಟೋಪಸ್ಸನ್ನು ಮೆತ್ತಗಾಗಲೆಂದು ಕಲ್ಲಿಗೆ ಬಡಿಯುತ್ತಿದ್ದ. ಒಂದೊಂದು ಏಟಿಗೂ ಒಂದೊಂದು ಬೈಗುಳ, ಬಾಗಿಲವರೆಗೂ ಸ್ಪಷ್ಟವಾಗಿ ಕೇಳುತ್ತಿತ್ತು.

"ಅಲ್ಲೇ ಇದ್ದಾನೆ. ಹೋದದ್ದು ಯಾವಾಗ ಅಂತ ಅವನನ್ನೇ ಕೇಳು," ಅಂದೆ.

ತಪ್ಪು ಹುಡುಗನದಲ್ಲ. ಬಸ್ಸಿಳಿದವನು ಎಪಮಿನೋಂದಸ್ ಕರಮೇಸ್ ಅವರ ಮನೆ ಎಲ್ಲಿ ಅಂತ ಕೇಳಿದ್ದಾನೆ. ಕಾಫಿ ಅಂಗಡಿಯ ಮುಂದೆ ಕೂತ ಮುದುಕರೆಲ್ಲ ತಲೆ ಕೆರೆದುಕೊಂಡು, ಚರ್ಚೆ ಮಾಡಿ, ಕೊನೆಗೆ ಒಮ್ಮತದಿಂದ ಹೇಳಿದ್ದಾರೆ: "ಎಪಮಿನೋಂದಸ್ ಕರಮೇಸ್ ಅಂದ್ರೆ ಸ್ಮಶಾನ. ಒಳಗೆ ಹೋಗಿ ಎಡಕ್ಕೆ ಮೂರನೇದು." ಅಲ್ಲಿರುವುದು ನನ್ನ ಗಂಡನ ಅಜ್ಜ. ಹೆಸರು ಅದೇ, ಮನೆತನ ಅದೇ; ಇಸವಿಯನ್ನು ಮಾತ್ರ ಉಪ್ಪುಗಾಳಿ ತಿಂದುಹಾಕಿದೆ. ಹುಡುಗ ಗೋರಿಯ ಮುಂದೆ ಹತ್ತು ನಿಮಿಷ ತಲೆ ಬಗ್ಗಿಸಿ ನಿಂತು, ಒಂದು ಮೇಣದಬತ್ತಿಯನ್ನೂ ಹಚ್ಚಿ, ಆಮೇಲೆ ಲಾರಿಸಾದ ಸೊಸೆಯ ಮನೆ ಯಾವುದು ಅಂತ ಕೇಳಿಕೊಂಡು ಬಂದಿದ್ದ.

ನಮ್ಮ ಊರು ಪೆತ್ರಾಲಿಯೇ ಹೀಗೆ. ಇಲ್ಲಿ ಹೆಸರು ಇರುವುದು ಸಂತರಿಗೆ ಮತ್ತು ಸತ್ತವರಿಗೆ. ಉಳಿದವರಿಗೆಲ್ಲ ಅಡ್ಡಹೆಸರು. ಕ್ಷೌರಿಕನಿಗೆ 'ಗಾಯ' ಅಂತ ಹೆಸರು, ಯಾಕೆ ಅಂತ ಅವನ ಹತ್ತಿರ ಒಂದು ಸಲ ಗಡ್ಡ ಮಾಡಿಸಿಕೊಂಡರೆ ತಿಳಿಯುತ್ತದೆ. ಮೂರು ದೋಣಿ ಮುಳುಗಿಸಿದ ಬೆಸ್ತನಿಗೆ 'ಅಡ್ಮಿರಲ್'. ನನ್ನ ಗಂಡ ನಲವತ್ತು ವರ್ಷ ಈ ಊರಿನ ನೀರುಗಂಟಿಯಾಗಿದ್ದವನು. ಯಾವ ಬೀದಿಗೆ ಯಾವಾಗ ನೀರು ಬಿಡಬೇಕು, ಯಾವ ಕೊಳವೆ ಎಲ್ಲಿ ಕೆಮ್ಮುತ್ತದೆ, ಎಲ್ಲ ಅವನ ಕೈಯಲ್ಲಿತ್ತು. ಇಲ್ಲೊಂದು ಗುಂಡಿಯಲ್ಲಿ ಇಳಿದು ಮಾಯವಾಗುತ್ತಿದ್ದ, ಎರಡು ಬೀದಿ ಆಚೆ ಇನ್ನೊಂದು ಗುಂಡಿಯಿಂದ ತಲೆ ಹಾಕುತ್ತಿದ್ದ. ಒಂದು ದಿನ ಪಾದ್ರಿಯ ಹೆಂಡತಿಯ ಕಾಲ ಬುಡದಲ್ಲೇ ಎದ್ದ. ಆಕೆ "ಅಯ್ಯೋ ಕಪ್ಪೆ" ಅಂತ ಚೀರಿದಳು. ಅಂದಿನಿಂದ ಅವನು ಊರಿಗೆಲ್ಲ ಕಪ್ಪೆ. ಚಿಕ್ಕವರಿಗೆ ಕಪ್ಪೆ ಮಾವ, ನನಗೂ ಕಪ್ಪೆಯೇ. ಮದುವೆಯಾಗಿ ಐವತ್ತೊಂದು ವರ್ಷವಾಯಿತು, ಬೇರೆ ಏನಾದರೂ ಕರೆಯಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಲಾಂಬ್ರೊಸ್ ಬಂದದ್ದು ನನ್ನ ಮೊಮ್ಮಗನ ದೀಕ್ಷಾಸ್ನಾನಕ್ಕೆ. ನನ್ನ ಮಗ ಸ್ತಾಥಿಸ್ ಮತ್ತು ಸೊಸೆ ಮಿರ್ತೊ, ಇವರ ಚೊಚ್ಚಲ ಗಂಡು ಕೂಸಿಗೆ ಎಂಟು ತಿಂಗಳು. ಭಾನುವಾರ ಇಗರ್ಜಿಯಲ್ಲಿ ನೀರಿಗಿಳಿಸಿ ಹೆಸರಿಡುವುದು. ಮಿರ್ತೊ ಲಾರಿಸಾದವಳು, ಅವಳ ಕಾಲೇಜಿನ ಗೆಳೆಯ ಈ ಲಾಂಬ್ರೊಸ್ ಅಲ್ಲೇ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಕೂಸಿನ ದೀಕ್ಷೆಗೆ ಸಾಕ್ಷಿಯಾಗಿ ನಿಲ್ಲುವ ಜ್ಞಾನತಂದೆ ಅವನೇ. ಪಾದ್ರಿ ಕೇಳಿದಾಗ ಹೆಸರು ಹೇಳಬೇಕಾದವನೂ ಅವನೇ, ಅವನ ಬಾಯಿಂದ ಬಂದದ್ದು ದೇವರ ಪುಸ್ತಕಕ್ಕೆ ಹೋಗುತ್ತದೆ, ಮತ್ತೆ ತಿದ್ದುವ ಹಾಗಿಲ್ಲ.

ರೂಢಿಯ ಪ್ರಕಾರ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು. ಮಿರ್ತೊ ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ಎಪಮಿನೋಂದಸ್ ಅಂತ ಕರೆದು ಮುಗಿಸೋ ಹೊತ್ತಿಗೆ ಹುಡುಗ ರಸ್ತೆ ದಾಟಿರ್ತಾನೆ ಅತ್ತೆ. ಎಕ್ತೊರಸ್ ಅಂತ ಇಡ್ತೀವಿ." ನನ್ನ ಗಂಡ "ಇಟ್ಕೊಳ್ಳಲಿ ಬಿಡು, ಅವಳು ಹೆತ್ತ ಕೂಸು" ಅಂದು ಸುಮ್ಮನಾಗಿದ್ದ. ಆದರೆ ಬದುಕಿದ್ದಾಗಲೇ ತನ್ನ ಹೆಸರಿಗೆ ಮೇಣದಬತ್ತಿ ಹಚ್ಚಿದ್ದು ಅವನಿಗೆ ಎಲ್ಲೋ ಚುಚ್ಚಿತು. ಶುಕ್ರವಾರ ರಾತ್ರಿ ಊಟದ ಹೊತ್ತಿಗೆ ಗಂಟಲು ಸರಿಮಾಡಿಕೊಂಡು, "ನಾಳೆ ಈ ಹುಡುಗನಿಗೆ ನಾನು ಊರು ತೋರಿಸ್ತೀನಿ," ಅಂದ. "ಇತಿಹಾಸ ಸಮೇತ."

ಮಿರ್ತೊ ನನ್ನನ್ನು ಅಡುಗೆಮನೆಗೆ ಎಳೆದಳು. "ಅತ್ತೆ, ನೀವೂ ಜೊತೆಗೆ ಹೋಗಿ. ಲಾಂಬ್ರೊಸ್ ಬಲು ಮೆತ್ತಗೆ. ಯಾರು ಏನು ಹೇಳಿದ್ರೂ ಹೂಂ ಅಂತಾನೆ. ಮಾವ ಅವನ ತಲೆ ತಿರುಗಿಸಿಬಿಟ್ರೆ ನನ್ನ ಕೂಸಿನ ಗತಿ ಏನು?"

"ನಾನಿದೀನಿ," ಅಂದೆ. ಮಾತು ಕೊಟ್ಟೆ ಅಂತಲೇ ಲೆಕ್ಕ.

ಶನಿವಾರ ಬೆಳಿಗ್ಗೆ ಬ್ರೆಡ್ಡು ತರಲು ಹೋದರೆ ಬೇಕರಿಯ ಕಲಿರ್ರೋಯಿ ನಗು ತಡೆದುಕೊಳ್ಳಲಾರದೆ ಕೌಂಟರಿಗೆ ಒರಗಿಕೊಂಡಿದ್ದಳು. "ಅಕ್ಕಾ, ನಿನ್ನ ಗಂಡ ಆರು ಗಂಟೆಗೇ ಬಂದಿದ್ದ. ಇವತ್ತೊಂದು ದಿನ ಅವನನ್ನ ಹೆಸರು ಹಿಡಿದು ಕರೀಬೇಕಂತೆ. ನನ್ನ ಕೈಲಿ ನಾಲ್ಕು ಸಲ ಹೇಳ್ಸಿದ. ಬಾಯಿಗೆ ಬರ್ಲಿಲ್ಲ, ಹಿಟ್ಟಿನ ಚೀಲದ ಮೇಲೆ ಬರ್ಕೊಂಡಿದೀನಿ ನೋಡು."

"ಇನ್ನೂ ಯಾರ್ಯಾರ ಹತ್ರ ಹೋಗಿದಾನೆ?"

"ಬಂದರಿನ ತನಕ ಎಲ್ಲರ ಹತ್ರ."

ಮನೆಗೆ ಬಂದರೆ ಆಸಾಮಿ ಮಗನ ಮದುವೆಗೆ ಹೊಲಿಸಿದ ಸೂಟು ಹಾಕಿ, ಟೈ ಬಿಗಿದು, ಕೂದಲಿಗೆ ಎಣ್ಣೆ ಸವರಿ ಬಾಗಿಲಲ್ಲಿ ನಿಂತಿದ್ದ. "ಏನು ಕಪ್ಪೆ, ನಿನಗೂ ನಾಳೆ ದೀಕ್ಷಾಸ್ನಾನನಾ?" ಅಂದೆ. ಲಾಂಬ್ರೊಸ್ ಎದುರಿಗೆ ನನ್ನನ್ನು ದುರುಗುಟ್ಟಿ ನೋಡಿದ.

ಮೊದಲು ಕೋಟೆ. ಏದುಸಿರು ಬಿಡುತ್ತ ಮೇಲೆ ಹತ್ತಿದೆವು. ನನ್ನ ಗಂಡ ಇತಿಹಾಸವನ್ನು ನೀರಿನಿಂದಲೇ ಅಳೆಯುವವನು. "ಈ ತೊಟ್ಟಿ ನೋಡು," ಅಂದ. "ವೆನಿಸ್‌ನವರು ಕಟ್ಟಿದ್ರು, ತುರ್ಕರು ಹಿಡಿದ್ರು, ಮತ್ತೆ ವೆನಿಸ್‌ನವರು, ಮತ್ತೆ ತುರ್ಕರು. ಯಾರೇ ಬರ್ಲಿ, ಬಾಗಿಲು ಒಡೆದು ಒಳಗೆ ಬಂದವರು ಮೊದಲು ಕೇಳಿದ್ದು ನೀರೆಲ್ಲಿ ಅಂತ. ನೀರು ಬಿಡೋನನ್ನ ಮಾತ್ರ ಯಾರೂ ಕೊಲ್ಲಲಿಲ್ಲ." ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ಲಾಂಬ್ರೊಸ್ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಆಮೇಲೆ ಕಪ್ಪೆ ಎದೆ ಉಬ್ಬಿಸಿ ಕೊಲ್ಲಿಯ ಕಡೆ ಕೈ ಚಾಚಿದ. "ಮಹಾ ಸೇನಾಪತಿ ಎಪಮಿನೋಂದಸ್, ಸ್ಪಾರ್ಟಾದವರ ಸೊಕ್ಕು ಮುರಿದು ನಮ್ಮ ಮೆಸ್ಸೀನಿಯಾವನ್ನ ಗುಲಾಮಗಿರಿಯಿಂದ ಬಿಡಿಸಿದವನು, ಇದೇ ಗೋಡೆ ಮೇಲೆ ನಿಂತು ಸಮುದ್ರ ನೋಡಿದ."

"ಈ ಗೋಡೆ ಕಟ್ಟೋ ಹೊತ್ತಿಗೆ ಅವನು ಸತ್ತು ಸಾವಿರದೆಂಟುನೂರು ವರ್ಷ ಆಗಿತ್ತು," ಅಂದೆ. "ಶಾಲೆಗೆ ನಾನೂ ಹೋಗಿದೀನಿ."

"ಗೋಡೆ ಇರ್ಲಿಲ್ಲ, ಬಂಡೆ ಇತ್ತಲ್ಲ? ಬಂಡೆ ಮೇಲೆ ನಿಂತ."

"ಅವನು ಬಂದದ್ದು ನಿಜ. ಆದ್ರೆ ಅವನು ಊರು ಕಟ್ಟಿದ್ದು ಒಳನಾಡಲ್ಲಿ. ಸಮುದ್ರಕ್ಕೆ ಯಾಕೆ ಬರ್ತಾನೆ?"

"ಮೀನು ತಿನ್ನೋಕೆ," ಅಂದ ಕಪ್ಪೆ.

ಅಲ್ಲಿಂದ ಆಚೆ ನಾವು ಎಲ್ಲಿ ಹೋದರೂ ಸೇನಾಪತಿ ನಮಗಿಂತ ಮೊದಲೇ ಅಲ್ಲಿಗೆ ಬಂದು ಹೋಗಿದ್ದ. ಸಂತ ನಿಕೊಲಾಸನ ಇಗರ್ಜಿಯ ಗೋಡೆಯಲ್ಲಿ ಹಳೇ ದೇವಸ್ಥಾನದ ಎರಡು ಅಮೃತಶಿಲೆಯ ಕಂಬ ಸೇರಿಸಿ ಕಟ್ಟಿದ್ದಾರೆ. ಕುದುರೆಯಿಂದಿಳಿದು ಒಂದಕ್ಕೆ ಅವನು ಒರಗಿ ನಿಂತಿದ್ದನಂತೆ. ಬಂದರಿನ ಪಕ್ಕ ತಿಳಿನೀರಿನಲ್ಲಿ ಮುಳುಗಿದ ಹಳೇ ಕಟ್ಟೆಯ ಕಲ್ಲುಗಳು ಕಾಣುತ್ತವೆ. ಅಲ್ಲಿ ಅವನ ಹಡಗು ನಿಂತಿತ್ತಂತೆ. ಲಾಂಬ್ರೊಸ್ ಬಗ್ಗಿ ನೋಡಿ, "ಕುದುರೆ ಮೇಲೆ ಬಂದ ಅಂದ್ರಲ್ಲ ಮಾವ?" ಅಂತ ವಿನಯವಾಗಿ ಕೇಳಿದ.

"ಕುದುರೆ ಹಡಗಲ್ಲಿತ್ತು."

ದಾರಿಯುದ್ದಕ್ಕೂ ಕಪ್ಪೆ ಕಲಿಸಿಕೊಟ್ಟ ಪಾಠ ಊರಿನವರು ಒಪ್ಪಿಸುತ್ತಿದ್ದರು. ಬೇಕರಿಯ ಕಿಟಕಿಯಿಂದ ಕಲಿರ್ರೋಯಿ ಹಿಟ್ಟಿನ ಚೀಲ ಎತ್ತಿ ಹಿಡಿದು ಓದಿದಳು: "ಶುಭೋದಯ ಎಪ-ಮಿ-ನೋಂ-ದಸ್ ಅವರೇ." ಕ್ಷೌರಿಕ ಗಾಯನಿಗೆ ಉತ್ಸಾಹ ಜಾಸ್ತಿ. ಅಂಗಡಿಯ ಮುಂಬಾಗಿಲಲ್ಲಿ ಬಾಗಿ ನಮಸ್ಕರಿಸಿ ಹೆಸರು ಹೇಳಿದ. ನಾವು ಮೂಲೆ ತಿರುಗುವಷ್ಟರಲ್ಲಿ ಹಿಂಬಾಗಿಲಿಂದ ಓಡಿ ಬಂದು, ನಮ್ಮನ್ನು ಈಗಷ್ಟೇ ನೋಡಿದವನ ಹಾಗೆ ಮತ್ತೆ ಬಾಗಿದ. ಅಡ್ಮಿರಲ್ ಬಲೆ ಬಿಡಿಸುತ್ತ ಕೂತಿದ್ದ. ನಮ್ಮನ್ನು ಕಂಡು ಎದ್ದು ನಿಂತು, ಆಕಾಶ ನೋಡಿ ನೆನಪಿಸಿಕೊಂಡು, ಗಟ್ಟಿಯಾಗಿ ಹೇಳಿದ: "ನಮಸ್ಕಾರ, ಥೆಮಿಸ್ತೊಕ್ಲಿಸ್."

ಲಾಂಬ್ರೊಸ್ ತುಟಿ ಕಚ್ಚಿಕೊಂಡ. ನಾನು ಸಮುದ್ರದ ಕಡೆ ತಿರುಗಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಕಪ್ಪೆಯ ಕಿವಿ ಮಾತ್ರ ಕೆಂಪಗಾಗಿತ್ತು.

ಎಲ್ಲ ಕೆಟ್ಟದ್ದು ತುರ್ಕರ ಕಾಲದ ಕಾರಂಜಿ ಕಟ್ಟೆಯ ಹತ್ತಿರ. ಮಧ್ಯಾಹ್ನ ಸಮೀಪಿಸಿತ್ತು. ಅವನು ಕಾರಂಜಿಯ ಮೇಲಿನ ಅರಬ್ಬಿ ಬರಹ ತೋರಿಸುತ್ತ, ಅದರಲ್ಲಿ ತನ್ನ ಹೆಸರು ಎಲ್ಲಿದೆ ಅಂತ ಹುಡುಕುವ ಹಂತಕ್ಕೆ ಬಂದಿದ್ದ. ಅಷ್ಟರಲ್ಲಿ ಮೇಲಿನ ಕಿಟಕಿಯಿಂದ ಒಬ್ಬಳು ತಲೆ ಹಾಕಿದಳು.

"ಕಪ್ಪೇ, ನೀರು ನಿಂತುಹೋಯ್ತು. ಕೈಯೆಲ್ಲ ಸೋಪು."

"ಕಪ್ಪೆ ಮಾವ, ನಮ್ಮ ಮನೇಲೂ ಇಲ್ಲ," ಅಂತ ಎದುರು ಕಿಟಕಿ.

ಮೇಲಿನ ಕೇರಿಗೆ ಹೋಗುವ ಕೊಳವೆ ಕಟ್ಟಿಕೊಂಡಿತ್ತು. ಪುರಸಭೆಯ ಹೊಸ ನೀರುಗಂಟಿ ನಾದಿನಿಯ ಮದುವೆಗೆ ಕಲಮಾಟಾಕ್ಕೆ ಹೋಗಿದ್ದ. ಒಂದೇ ನಿಮಿಷದಲ್ಲಿ ಬೀದಿಯ ಎಲ್ಲ ಕಿಟಕಿಯಲ್ಲೂ ತಲೆ. ಕಪ್ಪೇ, ಕಪ್ಪೆಯಣ್ಣ, ಕಪ್ಪೆ ಮಾವ, ಕಪ್ಪೆ ತಾತ. ನಾಳೆ ನಮ್ಮ ಮನೆಯ ಊಟಕ್ಕೆಂದು ಅರ್ಧ ಕೇರಿಯಲ್ಲಿ ಅಡುಗೆ ನಡೆಯುತ್ತಿತ್ತು. ನೀರಿಲ್ಲದೆ ಆಗುವ ಕೆಲಸವಲ್ಲ. ಬೆಳಗಿನಿಂದ ಪಾಠ ಒಪ್ಪಿಸಿದವರೂ ಆ ಗಡಿಬಿಡಿಯಲ್ಲಿ ಪಾಠ ಮರೆತರು. ಗಾಯ ಕೂಡ ಕತ್ತರಿ ಹಿಡಿದುಕೊಂಡೇ ಓಡಿ ಬಂದು, "ಲೋ ಕಪ್ಪೆ, ಗಿರಾಕಿ ತಲೆ ತುಂಬ ನೊರೆ ಕಣೋ," ಅಂದ.

ನನ್ನ ಗಂಡ ಒಂದು ಗಳಿಗೆ ಲಾಂಬ್ರೊಸ್‌ನನ್ನು ನೋಡಿದ. ಆಮೇಲೆ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, ಟೈ ಹೆಗಲ ಮೇಲೆ ಎಸೆದುಕೊಂಡು, ಕಬ್ಬಿಣದ ಮುಚ್ಚಳ ಎತ್ತಿ ಗುಂಡಿಗೆ ಇಳಿದ. ಒಳಗಿನಿಂದ ಬಡಿಯುವ ಸದ್ದು, ಬೈಗುಳ, ಮತ್ತೆ ಬಡಿಯುವ ಸದ್ದು. ಎಪ್ಪತ್ತನಾಲ್ಕು ವರ್ಷದ ಮನುಷ್ಯ ಅವನು. ನಾನು ಮುಚ್ಚಳದ ಅಂಚಿನಲ್ಲಿ ಕೂತು, "ಉಸಿರಾಡ್ತಿದೀಯಾ?" ಅಂತ ನಿಮಿಷಕ್ಕೊಂದು ಸಲ ಕೇಳುತ್ತಿದ್ದೆ. ಕೊನೆಗೆ ಕೊಳವೆ ಗೊರಗೊರ ಅಂದಿತು. ಎಲ್ಲ ಮನೆಯ ನಲ್ಲಿಗಳೂ ಕೆಮ್ಮಿ ಕೆಮ್ಮಿ ನೀರು ಉಗುಳಿದವು. ಮೊಣಕಾಲವರೆಗೆ ಕೆಸರು, ಶರಟಿನ ತುಂಬ ಹಸಿರು ಪಾಚಿ ಬಳಿದುಕೊಂಡು ಅವನು ತಲೆ ಹಾಕಿದಾಗ ಇಡೀ ಬೀದಿ ಚಪ್ಪಾಳೆ ತಟ್ಟಿತು. "ಕಪ್ಪೆ ನೂರು ವರ್ಷ ಬಾಳ್ಲಿ," ಅಂದರು. ಆ ಹಸಿರಿನಲ್ಲಿ ಆ ಹೆಸರು ಬಿಟ್ಟು ಬೇರೆ ಹೆಸರಿಂದ ಕರೆಯಲು ಯಾರಿಗೂ ಸಾಧ್ಯವಿರಲಿಲ್ಲ ಅನ್ನಿ.

ಜನ ಚದುರಿದ ಮೇಲೆ ಅವನು ಕಾರಂಜಿ ಕಟ್ಟೆಯ ಮೆಟ್ಟಿಲ ಮೇಲೆ ಕೂತು ಕಾಲು ತೊಳೆದುಕೊಂಡ.

"ಮಾವ," ಅಂದ ಲಾಂಬ್ರೊಸ್, "ಬೆಳಿಗ್ಗೆಯಿಂದ ತೋರಿಸಿದ ಇತಿಹಾಸದಲ್ಲಿ ಇದೇ ಚೆನ್ನಾಗಿತ್ತು."

ನನ್ನ ಗಂಡ ನಗಲಿಲ್ಲ. "ನನ್ನಮ್ಮ ಕರೀತಿದ್ಲು ಆ ಹೆಸರು," ಅಂದ. "ಪೂರ್ತಿ ಕರೀತಿದ್ಲು, ಒಂದಕ್ಷರ ನುಂಗದೆ. ನನಗೆ ಹನ್ನೊಂದು ವರ್ಷ ಆದಾಗ ಹೋದ್ಲು. ಆಮೇಲೆ ಮೇಷ್ಟ್ರು 'ಕರಮೇಸ್' ಅಂದ್ರು, ಸೈನ್ಯದಲ್ಲಿ ನಂಬರ್ ಹಿಡಿದು ಕರೆದ್ರು, ಊರಿಗೆ ಬಂದ್ರೆ ಕಪ್ಪೆ. ಅರವತ್ತಮೂರು ವರ್ಷ ಆಯ್ತು ನೋಡು. ಹೆಸರು ಪಾಪ ಹೊಸದಾಗೇ ಇದೆ. ಕಾಗದದ ಮೇಲಿದೆ, ನಾಳೆ ಗೋರಿ ಮೇಲೂ ಇರುತ್ತೆ. ಕೂಸು ನನ್ನ ಥರ ಆಗ್ಲಿ ಅಂತ ನಾನು ಕೇಳ್ತಿಲ್ಲ. ಈ ಊರಲ್ಲಿ ಯಾರನ್ನಾದ್ರೂ ಆ ಹೆಸರಿಂದ ಕರೆಯೋದನ್ನ ಒಂದ್ಸಲ ಕೇಳಿ ಸಾಯ್ಬೇಕು ಅಂತ ಆಸೆ. ಅಷ್ಟೇ."

ನನ್ನ ಕಡೆ ಅವನು ತಿರುಗಿಯೂ ನೋಡಲಿಲ್ಲ. ದೂರುವುದು ಅವನ ಉದ್ದೇಶವೂ ಆಗಿರಲಿಲ್ಲ. ಆದರೂ ನನಗೆ ನಾಚಿಕೆಯಾಯಿತು. ಐವತ್ತೊಂದು ವರ್ಷ ಒಂದೇ ತಟ್ಟೆಯಲ್ಲಿ ಉಂಡವಳು ನಾನು. ಬೆಳಗಿನಿಂದ ಅವನ ಹಿಂದೆ ಬಂದು ಮಾತುಮಾತಿಗೂ ಕಾಲೆಳೆದವಳೂ ನಾನೇ. ಅವನ ಕೋಟನ್ನು ಮಡಚಿ ಎದೆಗೆ ಒತ್ತಿಕೊಂಡೆ. ಲಾಂಬ್ರೊಸ್ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದ.

ಸಂಜೆ ಮಿರ್ತೊ ಕೂಸಿನ ಬಿಳಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. "ಹೇಗಾಯ್ತು ಅತ್ತೆ? ಕಾವಲು ಸರಿಯಾಗಿ ಕಾದ್ರಾ?" ಅಂದಳು.

"ಕಾವಲಿಗೆ ಕಳಿಸಿದ ನಾಯಿ ಕಳ್ಳನ ಜೊತೆ ಸೇರ್ಕೊಂಡಿದೆ," ಅಂದೆ. ಕಾರಂಜಿ ಕಟ್ಟೆಯ ಹತ್ತಿರ ಕೇಳಿದ್ದನ್ನೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೀಗೆ ಮಾಡು ಅಂತ ಹೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ. ನನ್ನ ಮಗನಿಗೆ ನನ್ನ ಮಾವನ ಹೆಸರು ಸ್ತಾಥಿಸ್ ಅಂತ ಇಡುವಾಗ ನಾನೂ ಮೂರು ದಿನ ಮುಖ ಊದಿಸಿಕೊಂಡಿದ್ದವಳೇ. ಮಿರ್ತೊ ಇಸ್ತ್ರಿಪೆಟ್ಟಿಗೆ ಹಿಡಿದುಕೊಂಡೇ ಕೇಳಿದಳು. "ದಿನಾ ಬಾಯಿ ನೋಯಿಸ್ಕೊಂಡು ಕರೀಬೇಕಾದವಳು ನಾನು ಅತ್ತೆ," ಅಂದಳು. ಅಷ್ಟು ಹೇಳಿ ಕಾಲರು ತಿರುಗಿಸಿ ಮತ್ತೆ ಇಸ್ತ್ರಿ ಶುರುಮಾಡಿದಳು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಭಾನುವಾರ ಇಗರ್ಜಿ ತುಂಬಿತ್ತು. ನನ್ನ ಗಂಡ ಹಿಂದಿನ ಸಾಲಿನಲ್ಲಿ, ತೊಳೆದರೂ ಹಸಿರು ಬಿಡದ ಸೂಟಿನಲ್ಲಿ, ಆಸೆ ಬಿಟ್ಟವನ ಹಾಗೆ ನಿಂತಿದ್ದ. ಲಾಂಬ್ರೊಸ್ ಕೂಸನ್ನು ಎತ್ತಿಕೊಂಡು ಶಾಸ್ತ್ರದಂತೆ ಮೂರು ಸಲ ಸೈತಾನನಿಗೆ ಉಗಿದ. ಪಾದ್ರಿ ಕೇಳಿದರು: "ಮಗುವಿನ ಹೆಸರೇನು?"

ಲಾಂಬ್ರೊಸ್ ಬಾಯಿ ತೆರೆದು ಹಾಗೇ ಮುಚ್ಚಿದ. ಮಿರ್ತೊಳ ಕಡೆ ತಿರುಗಿದ. ಇಡೀ ಇಗರ್ಜಿ ಅವಳ ಕಡೆ ತಿರುಗಿತು. ಅವಳು ಕಹಿ ಔಷಧಿ ನುಂಗುವವಳ ಹಾಗೆ ಕಣ್ಣು ಮುಚ್ಚಿ, ಒಂದು ಸಲ ತಲೆಯಾಡಿಸಿದಳು.

"ಎಪಮಿನೋಂದಸ್," ಅಂದ ಲಾಂಬ್ರೊಸ್. ಒಂದಕ್ಷರ ನುಂಗಲಿಲ್ಲ.

ನನ್ನ ಗಂಡನಿಗೆ ಧೂಪದ ಹೊಗೆ ಕಣ್ಣಿಗೆ ಹೋಯಿತಂತೆ. ಧೂಪ ಆಗ ಇನ್ನೂ ಹೊತ್ತಿಸಿರಲಿಲ್ಲ.

ಪಾದ್ರಿ ಕೂಸಿಗೆ ಎಣ್ಣೆ ಹಚ್ಚಿ, ತಾಮ್ರದ ದೊಡ್ಡ ಹಂಡೆಯಲ್ಲಿ ಮೂರು ಸಲ ಮುಳುಗಿಸಿದರು. "ದೇವರ ಸೇವಕ ಎಪಮಿನೋಂದಸ್" ಅಂತ ಮೂರು ಸಲವೂ ಪೂರ್ತಿ ಹೆಸರು ಹೇಳಿದರು, ಕಮಾನಿನ ತನಕ ಮೊಳಗಿತು. ಮೂರನೆಯ ಸಲ ಮೇಲೆ ಬಂದ ಕೂಸು ಎಣ್ಣೆಮೈಯಲ್ಲಿ ಪಾದ್ರಿಯ ಕೈಯಿಂದ ಜಾರಿ, ದೊಡ್ಡ ತಲೆ ಮುಂದೆ ಮಾಡಿಕೊಂಡು, ಕಾಲು ಬಡಿಯುತ್ತ ಹಂಡೆಯಲ್ಲಿ ಅರ್ಧ ಸುತ್ತು ಈಜಿಯೇ ಬಿಟ್ಟಿತು. ಪಾದ್ರಿ ಗಬಕ್ಕನೆ ಹಿಡಿದೆತ್ತಿದರು. ಆಮೇಲೆ ಬಾಗಿಲ ಹತ್ತಿರದಿಂದ ಅಡ್ಮಿರಲ್‌ನ ದನಿ ಬಂತು: "ಕಪ್ಪೆ ಮೊಮ್ಮಗ ಅಲ್ವಾ. ಗೊದಮೊಟ್ಟೆ."

ಅಲ್ಲಿಗೆ ಮುಗಿಯಿತು. ಅಂಗಳದಲ್ಲಿ ಸಕ್ಕರೆ ಬಾದಾಮಿ ಹಂಚುವಾಗ ಎಲ್ಲರೂ ಬಂದು ಹರಸಿದ್ದು ಗೊದಮೊಟ್ಟೆಯನ್ನೇ. "ಗೊದಮೊಟ್ಟೆ ನೂರು ವರ್ಷ ಬಾಳ್ಲಿ." "ಗೊದಮೊಟ್ಟೆ ಎಲ್ಲಿ, ಒಂದು ಮುತ್ತು ಕೊಡ್ತೀನಿ." ಮಿರ್ತೊ ಮೊದಲು ಹುಬ್ಬು ಗಂಟಿಕ್ಕಿದಳು. ಆಮೇಲೆ ನನ್ನ ಹೆಗಲಿಗೆ ತಲೆ ಇಟ್ಟು ಬಿದ್ದು ಬಿದ್ದು ನಕ್ಕಳು. "ನಾವು ಇಷ್ಟೆಲ್ಲ ತಲೆ ಕೆಡಿಸ್ಕೊಂಡಿದ್ದು ಯಾತಕ್ಕೆ ಅತ್ತೆ? ಏನಿಟ್ಟಿದ್ರೂ ಇದೇ ಆಗ್ತಿತ್ತು." ನನ್ನ ಗಂಡನೂ ಎಲ್ಲರ ಜೊತೆ ನಕ್ಕ. ಆದರೆ ಅವನ ನಗು ನನಗೆ ಗೊತ್ತು. ಅದು ಹಲ್ಲಿನ ನಗುವಾಗಿತ್ತು.

ಸಂಜೆ ಲಾಂಬ್ರೊಸ್‌ನನ್ನು ಬಸ್ಸು ಹತ್ತಿಸಿ ಬಂದವನು ಮನೆಗೆ ಬರದೆ, ಮನೆಯೆದುರಿನ ಬಂದರು ಕಟ್ಟೆಯ ಮೇಲೆ ನಮಗೆ ಬೆನ್ನು ಹಾಕಿ ಕೂತ. ಸೂರ್ಯ ಇನ್ನೂ ಒಂದು ಮೊಳ ಮೇಲಿದ್ದ. ಮೇಜಿನ ಮೇಲೆ ಉಳಿದ ಕುರಿಮಾಂಸ, ಆಲೂಗಡ್ಡೆ ಆರುತ್ತಿತ್ತು. ನಾನು ಕಿಟಕಿಗೆ ಬಂದೆ. "ಕಪ್ಪೇ" ಅನ್ನಲು ಬಾಯಿ ತೆರೆದವಳು ನಿಲ್ಲಿಸಿದೆ. ಎಪ್ಪತ್ತು ದಾಟಿದ ಮುದುಕಿ ನಾನು, ಸುಳ್ಳೇಕೆ, ಎದೆ ಡವಗುಟ್ಟಿತು. ಕೆಳಗೆ ಯಾರೂ ಇಲ್ಲ ಅಂತ ನೋಡಿಕೊಂಡೆ.

"ಎಪಮಿನೋಂದಾ," ಅಂತ ಕೂಗಿದೆ. "ಊಟ ಆರ್ತಾ ಇದೆ, ಬಾ."

ಅವನು ಅಲುಗಲಿಲ್ಲ. ಮತ್ತೆ ಕೂಗಿದೆ, ಇನ್ನೂ ಗಟ್ಟಿಯಾಗಿ. ಪಕ್ಕದ ಮನೆಯವಳು ಇಣುಕಿದಳು, ಇಣುಕಲಿ ಅಂದುಕೊಂಡೆ. ಮೂರನೆಯ ಸಲಕ್ಕೆ ಅವನು ಸರಕ್ಕನೆ ತಿರುಗಿ, ತುಟಿಯ ಮೇಲೆ ಬೆರಳಿಟ್ಟು, ಸಿಟ್ಟಿನಿಂದ ಮೆಟ್ಟಿಲು ಹತ್ತಿ ಬಂದ.

"ಬುದ್ಧಿ ಇದೆಯಾ ನಿನಗೆ? ಕೂಸು ಮಲಗೋ ಹೊತ್ತು ಇದು. ಯಾಕೆ ಅದನ್ನ ಹಾಗೆ ಕೂಗಿ ಎಬ್ಬಿಸ್ತೀಯ? ಅದೇನು ಊಟಕ್ಕೆ ಬರುತ್ತಾ?"

"ಕೂಸನ್ನಲ್ಲ ಮಾರಾಯ," ಅಂದೆ. "ನಿನ್ನನ್ನೇ ಕರೆದದ್ದು."

ಹೊಸ್ತಿಲಲ್ಲಿ ನಿಂತವನು ನನ್ನ ಮುಖ ನೋಡಿದ. ತಮಾಷೆ ಮಾಡುತ್ತಿದ್ದೇನೋ ಅಂತ ಹುಡುಕಿದ, ಅಭ್ಯಾಸಬಲ. ಆಮೇಲೆ ತಿರುಗಿ ಮೆಟ್ಟಿಲಿಳಿದು, ಕಟ್ಟೆಗೆ ಹೋಗಿ, ಮೊದಲಿನ ಹಾಗೇ ಬೆನ್ನು ಹಾಕಿ ಕೂತ. ಇನ್ನೊಂದು ಸಲ ಕರೆಯಲಿ ಅಂತ.